ಅಂಗೈಯ ಪರದೆ, ಪಡಸಾಲೆಯ ಪರದೆ

ಸಂಜೆ ಏಳರ ಸಮಯ. ದೇವರ ಮನೆಯಲ್ಲಿ ದೀಪ ಹಚ್ಚಿಯಾಗಿದೆ. ಒಲೆಯ ಮೇಲೆ ಮುದ್ದೆಗೆ ಎಸರು ಇಟ್ಟಾಗಿದೆ. ಮನೆಯ ಯಜಮಾನರು ಜಗುಲಿಯಲ್ಲಿ, ಮಗ ಕೋಣೆಯಲ್ಲಿ, ಸೊಸೆ ಅಡುಗೆಮನೆಯ ಬಾಗಿಲಿಗೆ ಒರಗಿ, ಮೊಮ್ಮಕ್ಕಳು ಮಂಚದ ಮೇಲೆ. ಪ್ರತಿಯೊಬ್ಬರ ಅಂಗೈಯಲ್ಲೂ ಒಂದೊಂದು ಮೊಬೈಲು. ಪ್ರತಿಯೊಬ್ಬರ ಮುಖದ ಮೇಲೂ ಒಂದೊಂದು ಬೆಳಕು. ಒಬ್ಬರು ನಕ್ಕರೆ ಮತ್ತೊಬ್ಬರಿಗೆ ಕಾರಣ ತಿಳಿಯದು. ಸಾಲ ಮಾಡಿ ತಂದ ದೊಡ್ಡ ಟಿವಿ ಮಾತ್ರ ಪಡಸಾಲೆಯ ಗೋಡೆಯ ಮೇಲೆ ಕಪ್ಪಗೆ ಕುಳಿತಿದೆ. ಇದು ಯಾರೋ ಒಬ್ಬರ ಮನೆಯ ಚಿತ್ರವಲ್ಲ. ನಮ್ಮ ನಿಮ್ಮೆಲ್ಲರ ಮನೆಯ ಚಿತ್ರ.

ತುಮಕೂರು ತಾಲ್ಲೂಕಿನ ವಸಂತನರಸಾಪುರಕ್ಕೆ ಕೆಲವೇ ಮೈಲಿ ದೂರದ ಊರು ನಮ್ಮದು. ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವೇ ಈ ಲೇಖನಕ್ಕೆ ಪ್ರೇರಣೆ. ನಮ್ಮ ಮಗಳು ಪತಿಯೊಡನೆ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿದ್ದಾಳೆ. ಅವಳ ಚೊಚ್ಚಲ ಕೂಸನ್ನು ಅಲ್ಲಿಯೇ ತೊಟ್ಟಿಲಿಗೆ ಹಾಕಿ ಹೆಸರಿಟ್ಟರು. ಆ ಶುಭಕಾರ್ಯದ ದೃಶ್ಯಗಳನ್ನು ಚಿತ್ರೀಕರಿಸಿ ಫೋನಿಗೆ ಕಳುಹಿಸಿದ್ದರು. ಎಂಬತ್ತು ದಾಟಿದ ನಮ್ಮ ತಾಯಿಯವರ ಕೈಗೆ ಫೋನನ್ನಿತ್ತು, ‘ನೋಡಿದಿರಾ ಅವ್ವ, ಮರಿಮೊಮ್ಮಗಳು!’ ಎಂದೆವು. ಅವರು ಫೋನನ್ನು ಒಮ್ಮೆ ಹತ್ತಿರಕ್ಕೂ ಒಮ್ಮೆ ದೂರಕ್ಕೂ ಹಿಡಿದು, ‘ನೋಡಿದೆ, ಚೆನ್ನಾಗೈತೆ’ ಎಂದು ಹಿಂದಿರುಗಿಸಿದರು. ನಮಗೆ ಸಮಾಧಾನವಾಯಿತು.

ಕೆಲವು ತಿಂಗಳು ಕಳೆದ ಮೇಲೆ, ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದಿದ್ದ ನಮ್ಮ ತಮ್ಮನ ಮಗ ಏನನ್ನೋ ಒತ್ತಿದ. ಅದೇ ದೃಶ್ಯ ಪಡಸಾಲೆಯ ಟಿವಿಯಲ್ಲಿ ಮೂಡಿತು. ಯಾವ ತಂತಿಯೂ ಇರಲಿಲ್ಲ. ಗೋಡೆಗೆ ಒರಗಿ ಕುಳಿತಿದ್ದ ತಾಯಿಯವರು ಥಟ್ಟನೆ ಎದ್ದು ಟಿವಿಯ ಬಳಿಗೆ ಹೋಗಿ ತೊಟ್ಟಿಲನ್ನೇ ದಿಟ್ಟಿಸಿದರು. ‘ಅಯ್ಯೋ, ಇದು ನಾನು ಹೊಲಿದ ಕೌದಿ ಕಣಪ್ಪ! ನನ್ನ ಹಸಿರು ಸೀರೆ ಅಂಚು ನೋಡು. ಅಲ್ಲಿಗೂ ತಗೊಂಡು ಹೋಗವ್ಳಾ?’ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಹಾಗಾದರೆ ಮೊದಲ ಬಾರಿ ನೋಡಿದ್ದೇನು ಎಂದು ಕೇಳಿದೆವು. ‘ಆ ಚಿಕ್ಕ ಗಾಜಿನಾಗೆ ನನಗೆ ಯಾರ ಮುಖವೂ ಕಾಣಲ್ಲ. ನಿಮಗ್ಯಾಕೆ ಬೇಜಾರು ಅಂತ ಚೆನ್ನಾಗೈತೆ ಅಂದೆ’ ಎಂದರು. ಅಷ್ಟು ದಿನವೂ ಅವರು ಕಾಣದೆಯೇ ಕಂಡೆನೆನ್ನುತ್ತಿದ್ದರು; ನಾವು ತೋರಿಸದೆಯೇ ತೋರಿಸಿದೆವೆಂದು ನಂಬಿದ್ದೆವು. ಒಂದೇ ಸೂರಿನಡಿ ಇದ್ದೂ ಇಷ್ಟು ದೂರವೆ ಎಂದು ಆ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ.

ಒಟ್ಟಿಗೆ ಕುಳಿತು ನೋಡುತ್ತಿದ್ದ ಕಾಲ

ನೋಟವೆಂಬುದು ನಮ್ಮ ನಾಡಿನಲ್ಲಿ ಎಂದೂ ಒಬ್ಬಂಟಿಯ ವ್ಯವಹಾರವಾಗಿರಲಿಲ್ಲ. ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಗುಬ್ಬಿ ವೀರಣ್ಣನವರು ನಾಡಿನ ಮೂಲೆಮೂಲೆಗೂ ಕೊಂಡೊಯ್ದರು. ಆ ಕಂಪನಿಯ ನಾಟಕವೆಂದರೆ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊರಡುತ್ತಿದ್ದರೆಂದು ಹಿರಿಯರು ಹೇಳುತ್ತಿದ್ದುದನ್ನು ನಾವು ಕೇಳಿದ್ದೇವೆ. ಒಂದು ರಂಗ, ಸಾವಿರ ಕಣ್ಣು. ನಕ್ಕರೆ ಎಲ್ಲರೂ ಕೂಡಿ ನಗುವುದು, ಅತ್ತರೆ ಎಲ್ಲರೂ ಕೂಡಿ ಅಳುವುದು; ಮರುದಿನ ಹೊಲದಲ್ಲಿ ಕಳೆ ಕೀಳುತ್ತ ಅದನ್ನೇ ಮತ್ತೆ ಆಡಿಕೊಳ್ಳುವುದು.

ದೂರದರ್ಶನವೂ ನಮ್ಮ ಹಳ್ಳಿಗಳಿಗೆ ಮೊದಲು ಬಂದದ್ದು ಸಮುದಾಯದ ಸೊತ್ತಾಗಿಯೇ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ‘ಸೈಟ್’ ಎಂಬ ಉಪಗ್ರಹ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಕಾರ್ಯಕ್ರಮಗಳು ಬಂದವು. ಕರ್ನಾಟಕದ ಪಾಲಿಗೆ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಊರಿಗೆ ಒಂದೇ ಟಿವಿ. ಅದರ ಮುಂದೆ ಊರೆಲ್ಲ. ಕೃಷಿ, ಆರೋಗ್ಯ, ಮಕ್ಕಳ ಪಾಠ ಎಲ್ಲವನ್ನೂ ಜನರು ಕೂಡಿ ನೋಡಿದರು.

ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. 1987ರ ಜನವರಿಯಲ್ಲಿ ‘ರಾಮಾಯಣ’ ಧಾರಾವಾಹಿ ಮೊದಲಾದಾಗ ಭಾನುವಾರದ ಬೆಳಗ್ಗೆ ನಮ್ಮ ಬೀದಿಯಲ್ಲಿ ನರಪಿಳ್ಳೆಯೂ ಕಾಣುತ್ತಿರಲಿಲ್ಲ. ಟಿವಿಯಿದ್ದ ಮನೆಯವರು ಕಿಟಕಿ ಬಾಗಿಲುಗಳನ್ನು ತೆರೆದಿಡುತ್ತಿದ್ದರು. ಒಳಗೆ ಜಾಗವಿಲ್ಲದವರು ಹೊರಗೆ ನಿಂತು ನೋಡುತ್ತಿದ್ದರು. ಜಾತಿ ಮತದ ಅಡ್ಡಗೋಡೆಗಳು ಆ ಒಂದು ಗಂಟೆಯ ಮಟ್ಟಿಗಾದರೂ ತಗ್ಗುತ್ತಿದ್ದವು. 2020ರ ಮಾರ್ಚ್ 28ರಿಂದ, ದೇಶವೆಲ್ಲ ಬಾಗಿಲು ಮುಚ್ಚಿ ಕುಳಿತಿದ್ದಾಗ, ಅದೇ ಧಾರಾವಾಹಿಯನ್ನು ಮರುಪ್ರಸಾರ ಮಾಡಿದರು. ಆಗ ಕಿಟಕಿಯ ಹೊರಗೆ ನಿಲ್ಲುವವರು ಯಾರೂ ಇರಲಿಲ್ಲ.

ಬದಲಾವಣೆಗೆ ಕಾರಣವೂ ಉಂಟು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾದ ಮೇಲೆ ಮೊಬೈಲ್ ಡೇಟಾದ ಬೆಲೆ ಕುಸಿಯಿತು. ಅಲ್ಲಿಯವರೆಗೆ ಮನೆಗೊಂದು ಪರದೆಯಿದ್ದುದು ಆಳಿಗೊಂದು ಪರದೆಯಾಯಿತು. ಇದರಿಂದ ಒಳಿತೇ ಆಗಲಿಲ್ಲವೆಂದು ನಾವು ಹೇಳುವುದಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಶಿಕ್ಷಣ ಇಲಾಖೆಯು ದೂರದರ್ಶನ ಚಂದನದಲ್ಲಿ ಪಾಠಗಳನ್ನು ಪ್ರಸಾರ ಮಾಡಿತು. ‘ಸಂವೇದ’ ಎಂಬ ಆ ಪಾಠಗಳು ಯೂಟ್ಯೂಬಿನಲ್ಲೂ ದೊರೆತು, ಅಕ್ಷರಾಭ್ಯಾಸದ ನೂಲು ಕಡಿದುಹೋಗದಂತೆ ಕಾಪಾಡಿದವು. 2019ರ ಜನವರಿ 21ರಂದು ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು ಲಿಂಗೈಕ್ಯರಾದಾಗ, ತುಮಕೂರಿಗೆ ಬರಲಾಗದ ಅಸಂಖ್ಯ ಭಕ್ತರು ಕಣ್ಣೀರಿಟ್ಟು ಅಂತಿಮ ದರ್ಶನ ಪಡೆದದ್ದು ಟಿವಿ ಮತ್ತು ಫೋನುಗಳ ಮೂಲಕವೇ. ಉಪಕರಣ ಕೆಟ್ಟದ್ದಲ್ಲ. ಅದನ್ನು ಹಿಡಿದವರು ಮನೆಗೆ ಬೆನ್ನು ತಿರುಗಿಸಿದರೆ ಮಾತ್ರ ಕೆಡುಕು.

ಪಾಳಿಯ ಮನೆಗಳು

ವಸಂತನರಸಾಪುರದ ಸುತ್ತಿನ ಹಳ್ಳಿಗಳಲ್ಲಿ ಈ ಕೆಡುಕು ಇನ್ನೊಂದು ಬಗೆಯಲ್ಲಿಯೂ ಕಾಣುತ್ತದೆ. ರಾಗಿ, ನೆಲಗಡಲೆ, ತೆಂಗು ಬೆಳೆಯುತ್ತಿದ್ದ ಈ ಸೀಮೆಯಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ದೊಡ್ಡ ಕೈಗಾರಿಕಾ ಪ್ರದೇಶ ತಲೆಯೆತ್ತಿದೆ. 2014ರ ಸೆಪ್ಟೆಂಬರ್ 24ರಂದು ಪ್ರಧಾನಿ ನರೇಂದ್ರ ಮೋದಿಯವರು ಇಲ್ಲಿ ಫುಡ್ ಪಾರ್ಕನ್ನು ಉದ್ಘಾಟಿಸಿದರು. 2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರಿನ ಅಡಿಯಲ್ಲಿ ತುಮಕೂರು ಕೈಗಾರಿಕಾ ನೆಲೆಗೆ ಅನುಮೋದನೆ ನೀಡಿತು. ಅತ್ತ ಗುಬ್ಬಿ ತಾಲ್ಲೂಕಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಲೋಕಾರ್ಪಣೆಯಾಯಿತು.

ಕೆಲಸ ಬಂತು, ಕಾಸು ಬಂತು. ಜೊತೆಗೆ ಪಾಳಿಯೂ ಬಂತು. ತಂದೆ ಮನೆಗೆ ಬರುವಾಗ ಮಗ ಹೊರಡುತ್ತಾನೆ. ಸೊಸೆ ಕೆಲಸಕ್ಕೆ ಹೋದಾಗ ಅತ್ತೆ ಮಗುವನ್ನು ನೋಡಿಕೊಳ್ಳುತ್ತಾರೆ. ಮಗು ಅತ್ತರೆ ಕೈಗೆ ಫೋನು. ಹೊರ ಜಿಲ್ಲೆಗಳಿಂದಲೂ ಹೊರ ರಾಜ್ಯಗಳಿಂದಲೂ ಬಂದ ಯುವಕರು ಬಾಡಿಗೆ ಕೋಣೆಗಳಲ್ಲಿ ನಾಲ್ಕೈದು ಮಂದಿ ಕೂಡಿದ್ದಾರೆ. ಅಲ್ಲಿ ಟಿವಿಯೂ ಇಲ್ಲ, ಫೋನೇ ಸರ್ವಸ್ವ. ಹೀಗೆ ಎಲ್ಲರೂ ಒಂದು ಹೊತ್ತಿನಲ್ಲಿ ಒಂದೆಡೆ ಸೇರುವುದೇ ದುರ್ಲಭವಾಗಿರುವಾಗ, ಸೇರಿದ ಅರ್ಧ ಗಂಟೆಯನ್ನೂ ಐದು ಪರದೆಗಳಿಗೆ ಹಂಚಿಬಿಟ್ಟರೆ ಮನೆಯೆಂಬ ಮಾತಿಗೆ ಏನು ಅರ್ಥ ಉಳಿದೀತು? ಅಂಗೈಯ ಚಿತ್ರವನ್ನು ಪಡಸಾಲೆಗೆ ತರುವ ಈ ಸಣ್ಣ ವಿದ್ಯೆಯನ್ನು ಪ್ರತಿ ಮನೆಯವರೂ ಕಲಿಯಲಿ ಎಂದು ನಾವು ಆಶಿಸುವುದು ಈ ಕಾರಣಕ್ಕೆ.

ತಂತಿಯಿಲ್ಲದೆ ಚಿತ್ರ ಸಾಗುವ ಬಗೆ

‘ಗಾಳಿಯಲ್ಲಿ ಚಿತ್ರ ಹೇಗೆ ಹೋಗುತ್ತೆ?’ ಎಂದು ತಾಯಿಯವರು ಕೇಳಿದ ಪ್ರಶ್ನೆಗೆ ನಾವು ಅಂದು ಉತ್ತರಿಸಲಾಗದೆ ತಡವರಿಸಿದೆವು. ಆಮೇಲೆ ತಿಳಿದವರನ್ನು ಕೇಳಿ, ಓದಿ ತಿಳಿದುಕೊಂಡುದನ್ನು ಇಲ್ಲಿ ಸರಳವಾಗಿ ನಿರೂಪಿಸುತ್ತೇವೆ.

ರೇಡಿಯೋ ಹಾಡನ್ನು ತರುವ ಅಲೆಗಳಂತೆಯೇ ಮನೆಯ ವೈ-ಫೈ ಕೂಡ ರೇಡಿಯೋ ಅಲೆ. ಅದರ ಮೊದಲ ಅಧಿಕೃತ ಮಾನದಂಡ ರೂಪುಗೊಂಡದ್ದು 1997ರಲ್ಲಿ. ಆಗ ಅದು ಸೆಕೆಂಡಿಗೆ ಹೆಚ್ಚೆಂದರೆ 20 ಲಕ್ಷ ಬಿಟ್‌ಗಳನ್ನು ಸಾಗಿಸಬಲ್ಲದಾಗಿತ್ತು. ಬಿಟ್ ಎಂದರೆ ಗಣಕದ ಭಾಷೆಯಲ್ಲಿ ಸೊನ್ನೆ ಅಥವಾ ಒಂದು ಎಂಬ ಒಂದು ಅಕ್ಷರ. ಇನ್ನು ಚಿತ್ರದ ಲೆಕ್ಕ ನೋಡೋಣ. ಫುಲ್ ಎಚ್‌ಡಿ ಟಿವಿಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20 ಲಕ್ಷಕ್ಕೂ ಮಿಕ್ಕಿದ ಚುಕ್ಕೆಗಳಿವೆ. ಒಂದೊಂದು ಚುಕ್ಕೆಯ ಬಣ್ಣವನ್ನು ಬರೆಯಲು 24 ಬಿಟ್ ಬೇಕು. ಸೆಕೆಂಡಿಗೆ 30 ಚಿತ್ರಗಳೆಂದರೆ ಸುಮಾರು 150 ಕೋಟಿ ಬಿಟ್ ಆಯಿತು! ಇಷ್ಟನ್ನು ಇದ್ದಂತೆಯೇ ಕಳುಹಿಸುವುದು ಸಾಮಾನ್ಯ ಮನೆಯ ವೈ-ಫೈಗೆ ಆಗದ ಮಾತು.

ಆದ್ದರಿಂದ ಚಿತ್ರವನ್ನು ಮೊದಲು ಅಡಕ ಮಾಡುತ್ತಾರೆ. ಹಿಂದಿನ ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. ತೊಟ್ಟಿಲು ತೂಗುತ್ತಿದ್ದರೂ ಹಿಂದಿನ ಗೋಡೆ ಹಾಗೆಯೇ ಇರುತ್ತದೆ. ಆ ಗೋಡೆಯನ್ನು ಮತ್ತೆ ಮತ್ತೆ ಬರೆಯದೆ, ಬದಲಾದುದನ್ನಷ್ಟೇ ಬರೆದರೆ ಸಾಕು. ಈ ಉಪಾಯದಿಂದ ಮೂಲದ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ ಬಿಟ್‌ಗಳಲ್ಲಿ ಕಣ್ಣಿಗೆ ತೃಪ್ತಿಯಾಗುವ ಚಿತ್ರ ಸಿದ್ಧವಾಗುತ್ತದೆ. ಟಿವಿಯು ಅದನ್ನು ಮತ್ತೆ ಬಿಡಿಸಿ ತೋರಿಸುತ್ತದೆ. ಹಪ್ಪಳವನ್ನು ಒಣಗಿಸಿ ಡಬ್ಬಿಯಲ್ಲಿಟ್ಟು, ಬೇಕಾದಾಗ ಎಣ್ಣೆಗೆ ಬಿಟ್ಟರೆ ಅರಳುವಂತೆ ಎಂದರೆ ನಮ್ಮ ಸೋದರಿಯರಿಗೆ ಬೇಗ ಅರ್ಥವಾದೀತು.

ಕೆಲವರು ಇದು ಬ್ಲೂಟೂತಿನ ಕೆಲಸವೆಂದು ತಿಳಿದಿದ್ದಾರೆ. ಬ್ಲೂಟೂತು ಹಾಡು ಕೇಳುವುದಕ್ಕೆ ಸಾಕಾಗುವಷ್ಟು ಕಿರಿದಾದ ಕಾಲುದಾರಿ. ಚಲಿಸುವ ಚಿತ್ರಕ್ಕೆ ವೈ-ಫೈಯ ಹೆದ್ದಾರಿಯೇ ಬೇಕು.

ಪ್ರತಿಬಿಂಬವೆ? ಅಪ್ಪಣೆಯೆ?

ಫೋನಿನಿಂದ ಟಿವಿಗೆ ಚಿತ್ರ ಬರುವ ಮಾರ್ಗ ಎರಡು. ಇವೆರಡರ ಭೇದವನ್ನು ತಿಳಿದವರಿಗೆ ಅರ್ಧ ತೊಂದರೆಗಳು ತಾವಾಗಿಯೇ ಪರಿಹಾರವಾಗುತ್ತವೆ.

ಮೊದಲನೆಯದು ಪ್ರತಿಬಿಂಬದ ಮಾರ್ಗ. ಇದನ್ನು ಸ್ಕ್ರೀನ್ ಮಿರರಿಂಗ್ ಎನ್ನುತ್ತಾರೆ. ಫೋನಿನ ಪರದೆಯ ಮೇಲೆ ಏನಿದೆಯೋ ಅದೆಲ್ಲವೂ ಕನ್ನಡಿಯಲ್ಲಿ ಕಂಡಂತೆ ಟಿವಿಯಲ್ಲಿ ಕಾಣುತ್ತದೆ. 2012ರಲ್ಲಿ ಬಂದ ಮಿರಾಕಾಸ್ಟ್ ಎಂಬ ಪದ್ಧತಿ ಈ ಬಗೆಯದು. ಅದರಲ್ಲಿ ಫೋನು ಮತ್ತು ಟಿವಿ ತಮ್ಮಿಬ್ಬರ ನಡುವೆಯೇ ನೇರ ಸಂಪರ್ಕ ಕಲ್ಪಿಸಿಕೊಳ್ಳುತ್ತವೆ. ರೂಟರ್ ಬೇಡ, ಇಂಟರ್ನೆಟ್ಟೂ ಬೇಡ. ಹೊಲದ ಮನೆಯಲ್ಲಿ ಸಿಗ್ನಲ್ ಇಲ್ಲದಿದ್ದರೂ ಫೋನಿನೊಳಗೆ ಉಳಿಸಿಟ್ಟ ಮದುವೆಯ ಚಿತ್ರಗಳನ್ನು ನೋಡಬಹುದು. ಆದರೆ ಪ್ರತಿಕ್ಷಣವೂ ಚಿತ್ರವನ್ನು ಅಡಕ ಮಾಡಿ ಕಳುಹಿಸುವ ದುಡಿಮೆಯೆಲ್ಲ ಫೋನಿನದೇ. ಅದು ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, ಪರದೆ ಆರಿದರೆ ಟಿವಿಯಲ್ಲೂ ಆರುತ್ತದೆ. ತುಟಿಯ ಚಲನೆಗೂ ಮಾತಿಗೂ ಕೆಲವೊಮ್ಮೆ ಹೊಂದಿಕೆ ತಪ್ಪುವುದುಂಟು.

ಎರಡನೆಯದು ಅಪ್ಪಣೆಯ ಮಾರ್ಗ. ಇದಕ್ಕೆ ಕಾಸ್ಟಿಂಗ್ ಎಂದು ಹೆಸರು. ಇಲ್ಲಿ ಫೋನು ಚಿತ್ರವನ್ನೇ ಹೊತ್ತು ಕೊಡುವುದಿಲ್ಲ. ‘ಇಂಥ ಪ್ರವಚನ ಇಂಥ ವಿಳಾಸದಲ್ಲಿದೆ, ತೆಗೆದುಕೊ’ ಎಂದು ಟಿವಿಗೆ ಹೇಳುತ್ತದೆ, ಅಷ್ಟೆ. ಟಿವಿಯು ತಾನೇ ಇಂಟರ್ನೆಟ್ಟಿನಿಂದ ಅದನ್ನು ತರಿಸಿಕೊಳ್ಳುತ್ತದೆ. ಆಮೇಲೆ ಫೋನು ಬರಿಯ ರಿಮೋಟು. ಅದರಲ್ಲಿ ಕರೆ ಬಂದರೆ ಮಾತಾಡಬಹುದು, ಪರದೆ ಆರಿಸಿ ಜೇಬಿಗೆ ಹಾಕಿಕೊಳ್ಳಬಹುದು. ಟಿವಿಯ ಕಾರ್ಯಕ್ರಮ ನಿಲ್ಲುವುದಿಲ್ಲ. 2013ರಲ್ಲಿ ಗೂಗಲ್ ಸಂಸ್ಥೆ ಹೊರತಂದ ಕ್ರೋಮ್‌ಕಾಸ್ಟ್ ಎಂಬ ಪುಟ್ಟ ಸಾಧನ ಈ ಮಾರ್ಗವನ್ನು ಮನೆಮಾತಾಗಿಸಿತು. ಆ ಸಾಧನದ ತಯಾರಿಕೆಯನ್ನು 2024ರಲ್ಲಿ ನಿಲ್ಲಿಸಿದರಾದರೂ ಅದೇ ಗುಣ ಇಂದು ಅನೇಕ ಟಿವಿಗಳ ಒಳಗೇ ಸೇರಿದೆ. ಆ್ಯಪಲ್ ಫೋನಿನವರಿಗೆ 2010ರಿಂದ ಏರ್‌ಪ್ಲೇ ಎಂಬ ತಮ್ಮದೇ ಪದ್ಧತಿಯಿದೆ. ಅದರಲ್ಲಿ ಎರಡು ಬಗೆಯೂ ಉಂಟು. ಆದರೆ ಮಿರಾಕಾಸ್ಟ್ ಆ ಫೋನುಗಳಲ್ಲಿ ನಡೆಯದು.

ಫೋನಿನಲ್ಲಿ ತೆಗೆದ ಚಿತ್ರಗಳಿಗೆ, ಬಂಧುಗಳು ಕಳುಹಿಸಿದ ದೃಶ್ಯಗಳಿಗೆ ಪ್ರತಿಬಿಂಬ ಸಾಕು. ಯೂಟ್ಯೂಬಿನ ಪಾಠ, ಪ್ರವಚನ, ಜಾತ್ರೆಯ ನೇರಪ್ರಸಾರ, ಚಲನಚಿತ್ರಗಳಿಗೆ ಕಾಸ್ಟಿಂಗ್ ಲೇಸು. ಹಣ ತೆತ್ತು ನೋಡುವ ಕೆಲವು ಆ್ಯಪುಗಳನ್ನು ಪ್ರತಿಬಿಂಬದಲ್ಲಿ ನೋಡಹೊರಟರೆ ಮಾತು ಕೇಳಿಸಿ ಚಿತ್ರ ಕಪ್ಪಾಗುತ್ತದೆ. ಟಿವಿ ಕೆಟ್ಟಿತೆಂದು ಗಾಬರಿಪಡಬೇಕಿಲ್ಲ. ನಕಲು ಮಾಡುವವರನ್ನು ತಡೆಯಲು ಹಾಕಿದ ಬೀಗ ಅದು.

ಮನೆಯಲ್ಲಿ ಮಾಡುವ ಕ್ರಮ

ಮೊದಲು ಫೋನು ಮತ್ತು ಟಿವಿ ಎರಡನ್ನೂ ಒಂದೇ ವೈ-ಫೈಗೆ ಸೇರಿಸಬೇಕು. ಆ ಬಳಗದೊಳಗೆ ಟಿವಿಯು ‘ನಾನಿಲ್ಲಿದ್ದೇನೆ’ ಎಂದು ತನ್ನ ಹೆಸರನ್ನು ಸಾರುತ್ತಿರುತ್ತದೆ. ಫೋನು ಬೇರೆ ಬಳಗದಲ್ಲಿದ್ದರೆ ಆ ಕೂಗು ಅದಕ್ಕೆ ಕೇಳಿಸದು. ‘ಟಿವಿ ಹೆಸರೇ ಬರುತ್ತಿಲ್ಲ’ ಎಂಬ ದೂರುಗಳಲ್ಲಿ ಹೆಚ್ಚಿನವು, ಫೋನು ಸಿಮ್ಮಿನ ಡೇಟಾದಲ್ಲಿಯೂ ಟಿವಿ ವೈ-ಫೈಯಲ್ಲಿಯೂ ಇರುವುದರಿಂದ ಹುಟ್ಟಿದವು. ಅತಿಥಿಗಳಿಗೆಂದು ರೂಟರಿನಲ್ಲಿ ತೆರೆದ ಪ್ರತ್ಯೇಕ ಸಂಪರ್ಕಕ್ಕೆ ಒಂದು ಸೇರಿದ್ದರೂ ಹೀಗೆಯೇ ಆಗುತ್ತದೆ.

ಕಾಸ್ಟಿಂಗಿಗಾಗಿ, ಯೂಟ್ಯೂಬ್ ಮುಂತಾದ ಆ್ಯಪು ತೆರೆದಾಗ ಮೇಲ್ಭಾಗದಲ್ಲಿ ಒಂದು ಪುಟ್ಟ ಚೌಕ, ಅದರ ಮೂಲೆಯಲ್ಲಿ ಮೂರು ಬಾಗಿದ ಗೆರೆಗಳಿರುವ ಗುರುತು ಕಾಣುತ್ತದೆ. ಅದನ್ನು ಒತ್ತಿ ಟಿವಿಯ ಹೆಸರನ್ನು ಆರಿಸಿದರಾಯಿತು. ಪ್ರತಿಬಿಂಬಕ್ಕಾದರೆ ಫೋನಿನ ಮೇಲಂಚಿನಿಂದ ಬೆರಳೆಳೆದಾಗ ಬರುವ ಗುಂಡಿಗಳಲ್ಲಿ ಹುಡುಕಬೇಕು. ತಯಾರಕರು ಇದನ್ನು ಒಂದೇ ಹೆಸರಿನಿಂದ ಕರೆಯುವುದಿಲ್ಲ: ಕೆಲವರಲ್ಲಿ ಕಾಸ್ಟ್, ಕೆಲವರಲ್ಲಿ ಸ್ಕ್ರೀನ್ ಕಾಸ್ಟ್, ಸ್ಯಾಮ್‌ಸಂಗಿನಲ್ಲಿ ಸ್ಮಾರ್ಟ್ ವ್ಯೂ. ಟಿವಿಯ ರಿಮೋಟಿನಲ್ಲಿಯೂ ಕೆಲವೊಮ್ಮೆ ‘ಒಪ್ಪಿಗೆ’ ಒತ್ತಬೇಕಾಗುತ್ತದೆ. ಒಂದೇ ವೈ-ಫೈ ಸಾಧ್ಯವಿಲ್ಲದಿದ್ದಲ್ಲಿ, ಟಿವಿಯ ಯೂಟ್ಯೂಬಿನಲ್ಲಿ ತೋರುವ ಅಂಕೆಗಳ ಸಂಕೇತವನ್ನು ಫೋನಿನ ಯೂಟ್ಯೂಬಿಗೆ ಬರೆದುಕೊಟ್ಟೂ ಎರಡನ್ನು ಬೆಸೆಯಬಹುದು.

ಹಳೆಯ ಟಿವಿಯೆಂದು ನಿರಾಶರಾಗಬೇಕಿಲ್ಲ. ಹಿಂಬದಿಯಲ್ಲಿ ಎಚ್‌ಡಿಎಂಐ ಎಂಬ ಚಪ್ಪಟೆ ತೂತಿದ್ದರೆ ಅಲ್ಲಿಗೆ ಸಿಕ್ಕಿಸುವ ಸಣ್ಣ ಸ್ಟಿಕ್ಕುಗಳು ಪೇಟೆಯಲ್ಲಿ ದೊರೆಯುತ್ತವೆ. ಅದೂ ಬೇಡವೆನ್ನುವವರು ಚಿತ್ರಗಳನ್ನು ಪೆನ್‌ಡ್ರೈವಿಗೆ ಹಾಕಿಸಿ ಟಿವಿಗೆ ಚುಚ್ಚಿದರೂ ಅಜ್ಜಿಯವರ ಕಣ್ಣಿಗೆ ಕಾಣುವ ಫಲ ಒಂದೇ.

ಚಿತ್ರ ತಡೆತಡೆದು ಬರುತ್ತಿದ್ದರೆ ರೂಟರು ಎಲ್ಲಿದೆ ನೋಡಿ. ನಮ್ಮಲ್ಲಿ ಅದನ್ನು ಕಬ್ಬಿಣದ ಬೀರುವಿನ ಮೇಲೋ ಮೂಲೆಯ ಕೋಣೆಯಲ್ಲೋ ಇಡುವ ರೂಢಿ. ದಪ್ಪ ಗೋಡೆಯೂ ಲೋಹವೂ ಅಲೆಗಳನ್ನು ತಡೆಯುತ್ತವೆ. ಹೆಚ್ಚಿನ ರೂಟರುಗಳಲ್ಲಿ ಎರಡು ಅಲೆಪಟ್ಟಿಗಳಿವೆ: 2.4 ಗಿಗಾಹರ್ಟ್ಸ್‌ನದು ದೂರ ಹೋಗುತ್ತದೆ, ಆದರೆ ನಿಧಾನ. 5 ಗಿಗಾಹರ್ಟ್ಸ್‌ನದು ವೇಗ, ಆದರೆ ಗೋಡೆ ದಾಟಲು ಅಂಜುತ್ತದೆ. ಟಿವಿ ಮತ್ತು ರೂಟರು ಒಂದೇ ಕೋಣೆಯಲ್ಲಿದ್ದರೆ ಎರಡನೆಯದನ್ನು ಆರಿಸುವುದು ಒಳ್ಳೆಯದು.

ಮನೆಗೆ ಫೈಬರ್ ಸಂಪರ್ಕವಿಲ್ಲದವರು ಒಬ್ಬರ ಫೋನಿನ ಹಾಟ್‌ಸ್ಪಾಟಿನಿಂದ ಟಿವಿ ನಡೆಸುವುದುಂಟು. ಅವರು ಲೆಕ್ಕವನ್ನು ಮರೆಯಬಾರದು. ಸಾಮಾನ್ಯ ಸ್ಪಷ್ಟತೆಯ ಚಿತ್ರ ಗಂಟೆಗೆ ಸುಮಾರು 1 ಜಿಬಿ ತಿನ್ನುತ್ತದೆ. ಎಚ್‌ಡಿಯಾದರೆ 3 ಜಿಬಿಯವರೆಗೂ ಹೋದೀತು. ದಿನಕ್ಕೆ ಒಂದೂವರೆ ಅಥವಾ ಎರಡು ಜಿಬಿಯ ಕರಾರಿನವರಿಗೆ ಸಿನಿಮಾದ ಮಧ್ಯಂತರಕ್ಕೆ ಮೊದಲೇ ಬುತ್ತಿ ಬರಿದಾಗುತ್ತದೆ. ಫೋನಿನ ಪುಟ್ಟ ಪರದೆಗೆ ಸಾಕಾಗುತ್ತಿದ್ದ ಸ್ಪಷ್ಟತೆಯನ್ನು ಟಿವಿ ತಾನಾಗಿ ಏರಿಸಿಕೊಳ್ಳುವುದೇ ಇದಕ್ಕೆ ಕಾರಣ. ಹೊಂದಾಣಿಕೆಯಲ್ಲಿ ಅದನ್ನು ತಗ್ಗಿಸಿಟ್ಟುಕೊಳ್ಳಬಹುದು.

ಕನ್ನಡಿಯ ಮುಂದೆ ಎಚ್ಚರ

ನಮ್ಮ ಮನೆಯಲ್ಲಿಯೇ ಆದ ಒಂದು ಮುಜುಗರವನ್ನು ಮರೆಮಾಚದೆ ಹೇಳಬೇಕು. ಕೌದಿಯನ್ನು ಕಂಡು ತಾಯಿಯವರು ಸಂಭ್ರಮಿಸುತ್ತಿದ್ದರಲ್ಲ, ಆಗ ನೆರೆಯವರೂ ನಾಲ್ಕಾರು ಮಂದಿ ಬಂದು ಕುಳಿತಿದ್ದರು. ತೊಟ್ಟಿಲಿನ ಚಿತ್ರದ ಮೇಲೆಯೇ ಒಂದು ಸಾಲು ಮೂಡಿತು: ಸಾಲದ ಕಂತು ಬಾಕಿಯಿದೆ, ಖಾತೆಯಲ್ಲಿ ಹಣವಿಲ್ಲ ಎಂಬ ಸಂದೇಶ. ಪ್ರತಿಬಿಂಬಕ್ಕೆ ಗುಟ್ಟು ತಿಳಿಯದಷ್ಟೆ! ನಮ್ಮ ತಮ್ಮನ ಮಗ ತಲೆತಗ್ಗಿಸಿ ಫೋನನ್ನು ಮಗುಚಿದ. ಅವನ ತಂದೆಯ ಮುಖ ಕೆಂಪಾಯಿತು. ‘ಎಲ್ಲರ ಮನೆ ದೋಸೆನೂ ತೂತೇ, ಬಿಡ್ರಪ್ಪ. ಕೂಸಿನ ಮುಖ ತೋರ್ಸು’ ಎಂದು ತಾಯಿಯವರೇ ಮಾತು ತಿರುಗಿಸಿದರು. ಅಂದು ರಾತ್ರಿ ಊಟವಾದ ಮೇಲೆ ತಂದೆ ಮಕ್ಕಳು ಜಗುಲಿಯಲ್ಲಿ ಕುಳಿತು ಬಹಳ ಹೊತ್ತು ಮಾತಾಡಿದರು. ತಂಗಿಯ ಓದಿನ ಶುಲ್ಕಕ್ಕೆಂದು ಅವನು ಯಾರಿಗೂ ಹೇಳದೆ ಮಾಡಿದ ಸಾಲವೆಂದು ಆಗ ತಿಳಿಯಿತು. ನಮ್ಮ ಮನೆಯಲ್ಲಿ ಅದು ಒಳಿತಿನಲ್ಲಿ ಮುಗಿಯಿತು. ಎಲ್ಲ ಮನೆಗಳಲ್ಲಿಯೂ ಹಾಗಾಗಬೇಕೆಂದಿಲ್ಲ.

ಆದುದರಿಂದ ಪ್ರತಿಬಿಂಬ ಆರಂಭಿಸುವ ಮೊದಲು ಫೋನಿನಲ್ಲಿ ‘ಡು ನಾಟ್ ಡಿಸ್ಟರ್ಬ್’ ಎಂಬ ಮೌನವ್ರತವನ್ನು ಹಾಕಿರಿ. ಬ್ಯಾಂಕಿನ ಆ್ಯಪು, ಗುಪ್ತಸಂಖ್ಯೆಗಳನ್ನು ಆ ಹೊತ್ತಿನಲ್ಲಿ ತೆರೆಯಲೇಬೇಡಿರಿ. ನೋಡಿ ಮುಗಿದ ಮೇಲೆ ಸಂಪರ್ಕ ಕಡಿದುದನ್ನು ಖಚಿತಪಡಿಸಿಕೊಳ್ಳಿರಿ. ಪರಸ್ಥಳದ ವಸತಿಗೃಹಗಳ ಟಿವಿಯಲ್ಲಿ ನಿಮ್ಮ ಖಾತೆಯನ್ನು ತೆರೆದಿದ್ದರೆ ಹೊರಡುವ ಮುನ್ನ ಮುಚ್ಚಿರಿ. ಮನೆಯ ವೈ-ಫೈಯ ಗುಪ್ತಪದವನ್ನು ಬೀದಿಗೆಲ್ಲ ಹಂಚಿದರೆ, ಪಕ್ಕದ ಮನೆಯ ಹುಡುಗನ ಚೇಷ್ಟೆಯ ಚಿತ್ರ ನಿಮ್ಮ ಪಡಸಾಲೆಯಲ್ಲಿ ಮೂಡಿದರೂ ಮೂಡೀತು.

ಇದಕ್ಕಿಂತ ಭಯಂಕರವಾದ ಸಂಗತಿಯೊಂದಿದೆ. ಪರದೆಯನ್ನು ಟಿವಿಗೆ ತೋರಿಸುವಂತೆಯೇ ದೂರದ ಅಪರಿಚಿತನಿಗೂ ತೋರಿಸಬಹುದು. 2023ರ ಆಗಸ್ಟಿನಿಂದ ವಾಟ್ಸ್‌ಆ್ಯಪಿನ ವಿಡಿಯೋ ಕರೆಯಲ್ಲಿಯೂ ಪರದೆ ಹಂಚುವ ಸೌಲಭ್ಯ ಬಂದಿದೆ. ಬ್ಯಾಂಕಿನವರೆಂದೋ ಪೊಲೀಸರೆಂದೋ ಹೇಳಿಕೊಂಡು ಕರೆಮಾಡಿ, ‘ನಿಮ್ಮ ಪರದೆ ಹಂಚಿರಿ, ಸರಿಪಡಿಸುತ್ತೇವೆ’ ಎನ್ನುವ ವಂಚಕರು, ನೀವು ಒತ್ತಿದ ಅಂಕೆಗಳನ್ನೂ ಬಂದ ಓಟಿಪಿಯನ್ನೂ ಕುಳಿತಲ್ಲಿಂದಲೇ ಓದಿಕೊಳ್ಳುತ್ತಾರೆ. ದೂರದಿಂದ ಫೋನನ್ನು ನಡೆಸುವ ಆ್ಯಪುಗಳ ಮೂಲಕ ಹಣ ಲಪಟಾಯಿಸುವ ಬಗ್ಗೆ ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲಿಯೇ ಎಚ್ಚರಿಸಿತ್ತು. ಪರದೆಯನ್ನು ನಮ್ಮ ಪಡಸಾಲೆಯ ಟಿವಿಗೆ ತೋರಿಸೋಣ. ಕರೆಮಾಡಿದ ಅಪರಿಚಿತರಿಗೆ ಎಂದಿಗೂ ಬೇಡ. ಮೋಸ ಹೋದದ್ದು ತಿಳಿದ ಕ್ಷಣವೇ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆಮಾಡಬೇಕು. ನಾಚಿಕೆಯಿಂದ ಮುಚ್ಚಿಟ್ಟಷ್ಟೂ ಹಣ ಕೈಜಾರುತ್ತದೆ. ಮನೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳುವುದು ಕಿರಿಯರ ಕರ್ತವ್ಯ.

ಪಡಸಾಲೆಯ ಕಟ್ಟಳೆ

ಚಿತ್ರ ಪಡಸಾಲೆಗೆ ಬಂದ ಮಾತ್ರಕ್ಕೆ ಸಂಸಾರ ಒಂದಾಗುವುದಿಲ್ಲ. ನಮ್ಮ ಮನೆಯಲ್ಲಿ ನಾವು ಕೆಲವು ಕಟ್ಟಳೆಗಳನ್ನು ಮಾಡಿಕೊಂಡೆವು. ಪೂಜೆಯ ಹೊತ್ತಿನಲ್ಲಿ, ಊಟದ ಹೊತ್ತಿನಲ್ಲಿ ಎರಡು ಪರದೆಗಳಿಗೂ ವಿರಾಮ. ಎಲ್ಲರ ಪಾಳಿಯೂ ಬಿಡುವಾಗುವ ವಾರದ ಒಂದು ಸಂಜೆ ಎಲ್ಲರೂ ಕೂಡಿ ನೋಡುವುದು. ಏನನ್ನು ನೋಡಬೇಕೆಂಬುದನ್ನು ಸರದಿಯಂತೆ ಒಬ್ಬೊಬ್ಬರು ಆರಿಸುವುದು. ಒಬ್ಬರ ಸರದಿಗೆ ಉಳಿದವರು ಗೊಣಗದಿರುವುದು. ಅಜ್ಜಿಯ ಸರದಿಗೆ ಪ್ರವಚನವೋ ಹಳೆಯ ನಾಟಕವೋ, ಮೊಮ್ಮಗನ ಸರದಿಗೆ ಕ್ರಿಕೆಟ್ಟು, ಸೊಸೆಯ ಸರದಿಗೆ ಹೊಲಿಗೆಯ ಪಾಠ.

ಇದರ ಫಲ ನಾವು ಎಣಿಸಿದ್ದಕ್ಕಿಂತ ಹೆಚ್ಚು. ಮಗು ಒಬ್ಬನೇ ಮೂಲೆಯಲ್ಲಿ ಏನು ನೋಡುತ್ತಿದ್ದಾನೋ ಎಂಬ ಆತಂಕ ತಗ್ಗಿತು. ಎಲ್ಲರೆದುರಿಗೆ ತೋರಿಸಲಾಗದುದನ್ನು ಆರಿಸಲು ದೊಡ್ಡವರೂ ಹಿಂಜರಿದರು. ಬೈದು ಕಲಿಸಲಾಗದ ಸಂಯಮವನ್ನು ಪಡಸಾಲೆ ಕಲಿಸಿತೆಂದರೆ ಅತಿಶಯೋಕ್ತಿಯಲ್ಲ. ಮೊಮ್ಮಗ ಅಜ್ಜಿಗೆ ಆಟದ ನಿಯಮ ಹೇಳಿಕೊಡುತ್ತಾನೆ. ಅಜ್ಜಿ ಅವನಿಗೆ, ತಾವು ತವರಿನವರೊಡನೆ ಗಾಡಿಯಲ್ಲಿ ಕುಳಿತು ಎಡೆಯೂರು ಸಿದ್ಧಲಿಂಗೇಶ್ವರನ ದರ್ಶನಕ್ಕೆ ಹೋದ ಕಥೆ ಹೇಳುತ್ತಾರೆ. ಟಿವಿಯ ಕಾರ್ಯಕ್ರಮ ಮುಗಿದರೂ ಮಾತು ಮುಗಿಯುವುದಿಲ್ಲ.

ಓದುಗ ಬಂಧುಗಳೆ, ನಿಮ್ಮಲ್ಲಿ ನಮ್ಮದೊಂದು ವಿನಂತಿ. ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ ನಿಮ್ಮ ಮನೆಯ ಹಿರಿಯರ ಬಳಿ ಕುಳಿತು ಒಂದು ಮಾತು ಕೇಳಿರಿ: ನಾವು ಫೋನಿನಲ್ಲಿ ತೋರಿಸಿದ್ದು ನಿಮಗೆ ನಿಜವಾಗಿ ಕಂಡಿತೆ? ‘ಕಂಡಿತು, ಚೆನ್ನಾಗೈತೆ’ ಎಂಬ ಉತ್ತರವನ್ನು ಕೂಡಲೆ ನಂಬಬೇಡಿರಿ. ಮಕ್ಕಳನ್ನು ಕರೆಯಿರಿ, ಪಡಸಾಲೆಯ ಟಿವಿ ಹಚ್ಚಿರಿ, ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿರಿ.

ಮೊನ್ನೆ ಮೆಲ್ಬರ್ನಿನಿಂದ ಕೂಸು ಅಂಬೆಗಾಲಿಕ್ಕುವ ದೃಶ್ಯ ಬಂದಿತು. ತಾಯಿಯವರು ಯಾರನ್ನೂ ಕಾಯಲಿಲ್ಲ. ಕಿರಿಯ ಮೊಮ್ಮಗನ ಕೈಹಿಡಿದು, ‘ಆ ಮೂರು ಗೆರೆ ಗುರುತು ಎಲ್ಲೈತೋ, ಒತ್ತಪ್ಪ’ ಎಂದರು. ಟಿವಿಯಲ್ಲಿ ಕೂಸು ಅವರತ್ತಲೇ ತೆವಳಿ ಬರುತ್ತಿತ್ತು. ಅದರ ಮೊಣಕಾಲ ಕೆಳಗೆ ಆ ಹಸಿರು ಅಂಚಿನ ಕೌದಿ ಹಾಸಿತ್ತು.